ಗೃಹಪ್ರವೇಶಕ್ಕೆ ಬಂದ ಹೋರಿ

ಪರ್ತ್
೭ ಅಕ್ಟೋಬರ್ ೨೦೨೫, ಮಂಗಳವಾರ

ಪ್ರೀತಿಯ ಗುರುದತ್ ರಾಯರಿಗೆ,

ಕೋಪದಲ್ಲಿದ್ದರೂ ‘ಪ್ರೀತಿಯ’ ಎಂದೇ ಶುರು ಮಾಡಿದ್ದೇನೆ, ಗಮನಿಸಿ. ಹೇಗಿದ್ದೀರಿ? ಬಿ.ಪಿ. ಮಾತ್ರೆ ದಿನಾ ತೆಗೆದುಕೊಳ್ಳುತ್ತಿದ್ದೀರಾ, ಅಥವಾ ‘ಇವತ್ತು ಚೆನ್ನಾಗೇ ಇದೀನಲ್ಲ’ ಎಂದು ನಿಮಗೆ ನೀವೇ ಡಾಕ್ಟರಾಗಿ ಬಿಟ್ಟುಬಿಟ್ಟಿದ್ದೀರಾ? ಬ್ರಿಸ್ಬೇನಿನ ನಿಮ್ಮ ಎಯ್ಟ್ ಮೈಲ್ ಪ್ಲೇನ್ಸಿನಲ್ಲಿ ಈಗಾಗಲೇ ಸೆಖೆ ಶುರುವಾಗಿದೆ ಎಂದು ನಿಮ್ಮ ಕಂಪನಿಯ ಇಲ್ಲಿನ ಆಫೀಸಿನ ಭರತೇಶ್ ಹೇಳಿದರು. ರಾತ್ರಿ ಫ್ಯಾನ್ ಹಾಕಿಕೊಂಡು ಮೈಮೇಲೆ ಏನೂ ಹೊದೆಯದೆ ಮಲಗಿ ಬೆಳಿಗ್ಗೆ ಕತ್ತು ಹಿಡಿದುಕೊಂಡಿದೆ ಅನ್ನಬೇಡಿ. ಆಫೀಸಿನ ಕೆಳಗಿನ ಕೆಫೆಯಲ್ಲಿ ದಿನಾ ಚೀಸ್ ಟೋಸ್ಟ್ ತಿಂದರೆ ನಿಮ್ಮ ಹೊಟ್ಟೆ ಕೇಳುವುದಿಲ್ಲ, ಭಾನುವಾರ ಒಂದು ಕುಕ್ಕರ್ ಬೇಳೆಯನ್ನಾದರೂ ಬೇಯಿಸಿಟ್ಟುಕೊಳ್ಳಿ. ನನಗೆ ಈ ಸ್ಪ್ರಿಂಗಿನ ಶೀತ ಬಿಟ್ಟರೆ ಮತ್ತೇನಿಲ್ಲ. ಮರಗಳು ಹೂ ಬಿಟ್ಟವೋ ಇಲ್ಲವೋ ನನ್ನ ಮೂಗು ನಲ್ಲಿಯಾಗುತ್ತದೆ, ನಿಮಗೆ ಗೊತ್ತಿರುವುದೇ. ಪ್ರಣತಿಯ ಮೈ ಚೆನ್ನಾಗಿದೆ. ಮನಸ್ಸಿನ ವಿಷಯ ಹೇಳುವುದಕ್ಕೇ ಈ ಕಾಗದ.

ಭರತೇಶ್ ನಾಳೆ ಅಲ್ಲಿಗೆ ಹೊರಟಿದ್ದಾರೆ. ಅವರ ಕೈಯಲ್ಲಿ ಒಂದು ಡಬ್ಬ ಚಟ್ನಿಪುಡಿ, ಸ್ವಲ್ಪ ಕೋಡುಬಳೆ ಮತ್ತು ಇದನ್ನು ಕೊಟ್ಟು ಕಳಿಸುತ್ತಿದ್ದೇನೆ. ಈ ಕಾಲದಲ್ಲಿ ಕಾಗದ ಯಾಕೆ ಎಂದು ನೀವು ನಗುತ್ತೀರಿ. ಫೋನಿನಲ್ಲಿ ನೀವು ‘ಹೂಂ’ ಅನ್ನುತ್ತೀರಿ. ಅದು ಕೇಳಿಸಿಕೊಂಡ ಹೂಂ ಅಲ್ಲ, ಲ್ಯಾಪ್‌ಟಾಪಿನ ಮೇಲೆ ಕಣ್ಣಿಟ್ಟ ಹೂಂ ಎಂಬುದು ಇಷ್ಟು ವರ್ಷ ಸಂಸಾರ ಮಾಡಿದ ನನಗೆ ಗೊತ್ತಾಗುವುದಿಲ್ಲವೇ? ಹೋದ ಶನಿವಾರದ ಹಿಂದಿನ ಶನಿವಾರ ನಾನು ಫೋನ್ ಮಾಡಿ ಕೂಗಾಡಿದಾಗ ‘ವನಜಾ, ಸ್ವಲ್ಪ ಪ್ರಾಕ್ಟಿಕಲ್ ಆಗಿ ಯೋಚ್ನೆ ಮಾಡು’ ಎಂದಿರಿ. ಅವತ್ತಿನಿಂದ ನಿಮ್ಮ ಫೋನ್ ಎತ್ತಿಲ್ಲ. ಕಾಗದಕ್ಕಾದರೆ ಮಧ್ಯೆ ಬಾಯಿ ಹಾಕುವುದಕ್ಕಾಗುವುದಿಲ್ಲ, ‘ಮೀಟಿಂಗ್ ಇದೆ, ಇಡ್ತೀನಿ’ ಅನ್ನುವುದಕ್ಕೂ ಆಗುವುದಿಲ್ಲ. ಕೂತು ಓದಿ.

ಮೊದಲಿಂದ ಹೇಳುತ್ತೇನೆ. ನೀವು ಜೂನಿನಲ್ಲೇ ಬ್ರಿಸ್ಬೇನಿಗೆ ಹೊರಟುಹೋದಿರಿ, ಆಮೇಲಿನದು ನಿಮಗೆ ಫೋನಿನ ಹೂಂಗಳಲ್ಲಿ ಸಿಕ್ಕಿದ್ದಷ್ಟೆ. ಫೆಬ್ರವರಿಯಲ್ಲಿ ಪ್ರಣತಿಯನ್ನು ಸ್ವಾನ್ ವ್ಯಾಲಿಯ ಆ ಮಕ್ಕಳ ಫಾರಂ ಕ್ಲಬ್ಬಿಗೆ ಸೇರಿಸಿದವರು ನೀವು. ಹದಿನಾಲ್ಕು ವರ್ಷದ ಹುಡುಗಿ ಶಾಲೆಯಿಂದ ಬಂದವಳೇ ರೂಮಿನ ಬಾಗಿಲು ಹಾಕಿಕೊಂಡು ಫೋನಿನೊಳಗೆ ಇಳಿದರೆ ಊಟಕ್ಕೆ ಮೂರು ಸಲ ಕೂಗಬೇಕಿತ್ತು. ಮೊದಲ ದಿನ ನನಗೆ ಕ್ಲಿನಿಕ್ಕಿನಲ್ಲಿ ಡ್ಯೂಟಿ, ನೀವೊಬ್ಬರೇ ಕರೆದುಕೊಂಡು ಹೋದಿರಿ. ಸಂಜೆ ಬಂದು ‘ಕೈಯಾರೆ ಕೆಲಸ ಕಲಿಸ್ತಾರೆ ಕಣೇ, ಜೇನು, ಕೋಳಿ, ತರಕಾರಿ, ಬೇಲಿ ಹಾಕೋದು, ಎಲ್ಲಾ ಇದೆ, ಇವಳು ಕರು ತಗೊಂಡಿದಾಳೆ’ ಎಂದಿರಿ. ಕರು ಎಂದ ಕೂಡಲೇ ನನಗೆ ಎಷ್ಟು ಸಂತೋಷವಾಯಿತು! ಮೈಸೂರಿನಲ್ಲಿ ನಮ್ಮ ಬೀದಿಯ ಕೊನೆಯಲ್ಲಿ ಹಾಲಿನವರ ಕೊಟ್ಟಿಗೆಯಿತ್ತು, ಸ್ಕೂಲಿಗೆ ಹೋಗುವಾಗ ಕರುವಿನ ಹಣೆ ಮುಟ್ಟದೆ ನಾನು ಮುಂದೆ ಹೋಗುತ್ತಿರಲಿಲ್ಲ. ಆಸ್ಟ್ರೇಲಿಯಾದಲ್ಲಿ ಹುಟ್ಟಿದ ಮಗಳಿಗೆ ಗೋಸೇವೆಯ ಪುಣ್ಯ ಬಂತಲ್ಲ ಎಂದು ಅವತ್ತು ದೇವರಿಗೆ ತುಪ್ಪದ ದೀಪ ಹಚ್ಚಿದೆ. ನೀವು ಪಕ್ಕದಲ್ಲೇ ನಿಂತು ಕೈ ಮುಗಿದಿರಿ. ಬಾಯಿ ಬಿಡಲಿಲ್ಲ.

ಆ ಕ್ಲಬ್ಬು ನಮ್ಮ ಹುಡುಗಿಯನ್ನು ಬದಲಾಯಿಸಿದ್ದು ನಿಜ, ಅದನ್ನು ಕೋಪದಲ್ಲಿ ಮುಚ್ಚಿಡಲಾರೆ. ಕರುವಿಗೆ ಬಿಸ್ಕೆಟ್ ಎಂದು ಹೆಸರಿಟ್ಟಿದ್ದರು, ಮೈಬಣ್ಣ ಹಾಗಿತ್ತು. ಮುಖಕ್ಕೆ ಹಗ್ಗ ತೊಡಿಸಿ ಜೊತೆಯಲ್ಲಿ ನಡೆಯುವುದನ್ನು ಕಲಿಸಬೇಕು, ಮೈ ತೊಳೆದು ಬ್ರಷ್ ಹಾಕಬೇಕು, ಗೊರಸು ನೋಡಬೇಕು, ಸಗಣಿ ಬಾಚಬೇಕು. ಕ್ಲಬ್ಬು ನಡೆಸುವ ಕಾಲೀನ್ ಅರವತ್ತು ದಾಟಿದ ಹೆಂಗಸು, ಗಂಡ ಹೋದ ಮೇಲೆ ದ್ರಾಕ್ಷಿ ತೋಟವನ್ನು ಅರ್ಧ ಮಾರಿ ಉಳಿದದ್ದನ್ನು ಮಕ್ಕಳಿಗೆ ಬಿಟ್ಟುಕೊಟ್ಟಿದ್ದಾರೆ. ಮಕ್ಕಳು ತಪ್ಪು ಮಾಡುವಾಗ ಸುಮ್ಮನೆ ನಿಂತು ನೋಡುತ್ತಾರೆ, ಮಾಡಿ ಮುಗಿದ ಮೇಲೆ ‘ಮತ್ತೊಂದ್ಸಲ’ ಎನ್ನುತ್ತಾರೆ. ಮೊದಲ ತಿಂಗಳು ಬಿಸ್ಕೆಟ್ ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ, ಪ್ರಣತಿಯನ್ನು ಮಣ್ಣಿನಲ್ಲಿ ಎಳೆದುಕೊಂಡು ಹೋಗಿತ್ತು. ಒಂದು ಶನಿವಾರ ನಾನು ಬೇಲಿಯಾಚೆಯಿಂದ ಸುಮ್ಮನೆ ‘ಬಾ ಮರಿ, ಬಾ ಬಾ, ಏನ್ ಕೋಪ ನಿಂಗೆ’ ಎಂದೆ. ಕಿವಿ ತಿರುಗಿಸಿ ಬಂದೇಬಿಟ್ಟಿತು. ಅವತ್ತಿನಿಂದ ಪ್ರಣತಿಯದು ಅದರೊಂದಿಗೆ ಕನ್ನಡದಲ್ಲೇ ಮಾತು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುವ ನಮ್ಮ ಮಗಳು ಹೋರಿ ಕರುವಿನ ಕಿವಿಯಲ್ಲಿ ‘ಹೊಟ್ಟೆ ಹಸೀತಾ ಪುಟ್ಟ? ಇರು ಬಂದೆ’ ಎನ್ನುವುದನ್ನು ನಾನು ಕಾರಿನ ಹಿಂದೆ ನಿಂತು ಕೇಳಿ ಅತ್ತುಬಿಟ್ಟೆ. ಅವಳ ಗೆಳತಿ ಜಾರ್ಜಿಯಾ, ಪಕ್ಕದ ಕೊಟ್ಟಿಗೆಯಲ್ಲಿ ಕಪ್ಪು ಹೋರಿ ಸಾಕುತ್ತಿರುವವಳು, ಅವಳೂ ‘ಬಾ ಬಾ’ ಎನ್ನುವುದನ್ನು ಕಲಿತಳು.

ಇನ್ನು ಆಗಸ್ಟಿನ ಕಥೆ. ನಮ್ಮ ಕನ್ನಡ ಸಂಘದ ಶಂಕರಪ್ಪನವರ ಹೊಸ ಮನೆಯ ಗೃಹಪ್ರವೇಶ ಎಂದು ಫೋನಿನಲ್ಲಿ ಹೇಳಿದ್ದೆ, ಅದಕ್ಕೂ ಹೂಂ ಬಂದಿತ್ತು. ಮನೆಯೊಡತಿ ಬನಶಂಕರಿಗೆ ಒಂದೇ ಕೊರಗು. ಹನ್ನೊಂದು ವರ್ಷ ಬಾಡಿಗೆ ಮನೆಯಲ್ಲಿದ್ದು ಕಟ್ಟಿಸಿದ ಸ್ವಂತ ಮನೆ, ಹಸು ಮೊದಲು ಒಳಗೆ ಕಾಲಿಡದೆ ನಾವು ಹೇಗೆ ಕಾಲಿಡುವುದು? ಇಲ್ಲಿ ಎಲ್ಲರೂ ಬೆಳ್ಳಿ ಹಸುವನ್ನು ತಟ್ಟೆಯಲ್ಲಿಟ್ಟು ಒಳಗೆ ತರುತ್ತಾರೆ. ‘ನಮ್ಮತ್ತೆ ವೀಡಿಯೋ ಕಾಲಲ್ಲಿ ನೋಡ್ತಾರೆ ವನಜಾ, ಬೊಂಬೆ ತೋರಿಸ್ಲಾ ಅವ್ರಿಗೆ’ ಎಂದು ಅವಳು ಕಣ್ಣೊರೆಸಿಕೊಂಡಾಗ ನನ್ನ ಬಾಯಿ ಸುಮ್ಮನಿರುತ್ತದೆಯೇ? ನಮ್ಮ ಪ್ರಣತಿಯ ಕರು ಇದೆಯಲ್ಲ ಎಂದುಬಿಟ್ಟೆ. ಕಾಲೀನ್ ತಕ್ಷಣ ಒಪ್ಪಿದರು. ಶೋಗೆ ಮೊದಲು ಹೊಸ ಜಾಗ, ಜನ, ಗಲಾಟೆ ಎಲ್ಲ ಅಭ್ಯಾಸವಾಗಲಿ ಎಂದರು. ಶೋ ಎಂದರೆ ನನ್ನ ಲೆಕ್ಕದಲ್ಲಿ ಮಕ್ಕಳು ಕರುಗಳನ್ನು ಸಿಂಗಾರ ಮಾಡಿ ನಡೆಸುವುದು, ರಿಬ್ಬನ್ ಕೊಡುವುದು, ಮನೆಗೆ ಬರುವುದು. ಪ್ರಣತಿ ಮಾತ್ರ ‘ಅಮ್ಮ, ಪ್ಲೀಸ್, ಬೇಡ’ ಎಂದಳು. ನಾಚಿಕೆ ಇರಬೇಕು ಎಂದುಕೊಂಡೆ.

ನೀವು ಆ ಬೆಳಿಗ್ಗೆ ನೋಡಬೇಕಿತ್ತು ರೀ. ಕರು ಬರುತ್ತದೆ ಎಂದರೆ ಎಲ್ಲರೂ ತೋಳಿನಲ್ಲಿ ತಬ್ಬಿಕೊಳ್ಳುವಷ್ಟು ಚಿಕ್ಕದು ಎಂದುಕೊಂಡು ಬಾಳೆಹಣ್ಣು ಹಿಡಿದು ನಿಂತಿದ್ದರು. ಟ್ರೇಲರಿನ ಬಾಗಿಲು ತೆಗೆದರೆ ಇಳಿದದ್ದು ಬಾಗಿಲಿನಷ್ಟೇ ಅಗಲದ ಹೋರಿ. ಪುರೋಹಿತರಾದ ಚಂದ್ರಮೌಳಿಯವರು, ವಾರವಿಡೀ ಬ್ಯಾಂಕಿನ ಕಂಪ್ಯೂಟರ್ ನೋಡಿಕೊಂಡು ವಾರಾಂತ್ಯಕ್ಕೆ ಪಂಚೆ ಉಡುವವರು, ಹಿಂದೆ ಮುಂದೆ ಬಗ್ಗಿ ನೋಡಿ ‘ಇದು ಹಸು ಅಲ್ವಲ್ಲಮ್ಮ’ ಎಂದರು. ಒಂದು ಕ್ಷಣ ಕಣ್ಣು ಮುಚ್ಚಿ ‘ನಂದಿ ಅಂದ್ಕೊಳ್ಳೋಣ, ಶಿವ ಬೇಡ ಅಂತಾನಾ’ ಎಂದರು. ಟೈಲ್ಸಿನ ಮೇಲೆ ಜಾರದಿರಲೆಂದು ಯೋಗ ಮಾಡುವ ಮ್ಯಾಟುಗಳನ್ನೆಲ್ಲ ಹಾಸಿದ್ದರು. ಅದು ಅಂಬಾರಿ ಹೊತ್ತ ಆನೆಯ ಠೀವಿಯಲ್ಲಿ ಒಳಗೆ ಬಂತು. ಬಾಗಿಲಿನ ಮಾವಿನೆಲೆ ತೋರಣ ಅರ್ಧ ತಿಂದಿತು. ಅಡುಗೆಮನೆಯ ಮುಂದೆ ನಿಂತು ಬುಟ್ಟಿಯಷ್ಟು ಸಗಣಿ ಹಾಕಿತು. ಕಾಲೀನ್ ‘ಓ ಮೈ ಗಾಡ್, ಸಾರಿ, ಸಾರಿ’ ಎಂದು ಸಲಿಕೆಗೆ ಓಡಿದರೆ ನಮ್ಮ ಹೆಂಗಸರೆಲ್ಲ ಚಪ್ಪಾಳೆ! ‘ತೆಗೀಬೇಡಿ, ತೆಗೀಬೇಡಿ, ಲಕ್ಷ್ಮಿ ಅದು’ ಎಂದು ಬನಶಂಕರಿ ಕೈ ಅಡ್ಡ ಹಿಡಿದಳು. ಆಮೇಲೆ ಅವಳು ಅದರ ಹಣೆಗೆ ಅರಿಶಿನ ಕುಂಕುಮ ಇಟ್ಟು, ಗೊರಸಿಗೆ ಹಣೆ ಹಚ್ಚಿ ನಮಸ್ಕಾರ ಮಾಡಿದಳು. ನಾನೂ ಮಾಡಿದೆ. ವೀಡಿಯೋದಲ್ಲಿ ಅವಳ ಅತ್ತೆ ಗಳಗಳ ಅತ್ತರು. ತಲೆ ಎತ್ತಿ ನೋಡಿದರೆ ಹಗ್ಗ ಹಿಡಿದಿದ್ದ ಪ್ರಣತಿಯ ಮುಖದಲ್ಲಿ ರಕ್ತವೇ ಇಲ್ಲ. ಬೆಳಿಗ್ಗೆಯಿಂದ ತಿಂಡಿ ತಿಂದಿಲ್ಲವಲ್ಲ ಎಂದು ಕೇಸರಿಬಾತು ತಂದುಕೊಟ್ಟೆ. ಬೇಡವೆಂದಳು.

ನವರಾತ್ರಿಗೆ ಬೊಂಬೆ ಕೂರಿಸಿದ್ದೆ. ಹೋದ ಶನಿವಾರದ ಹಿಂದಿನ ಶನಿವಾರ ಮಧ್ಯಾಹ್ನ ಕಾಲೀನ್ ನೋಡಲು ಬಂದರು, ಪ್ರಣತಿ ಆಗ ಟೆನಿಸ್ಸಿಗೆ ಹೋಗಿದ್ದಳು. ಕಡಲೆಕಾಳು ಉಸಲಿ ಇಷ್ಟಪಟ್ಟು ತಿಂದರು. ಟೀ ಕುಡಿಯುತ್ತ ‘ಕೊನೇ ದಿನ ಪ್ರಣತಿಗೆ ಕಷ್ಟ ಆಗುತ್ತೆ, ಎಲ್ಲ ಮಕ್ಕಳಿಗೂ ಮೊದಲ ಸಲ ಆಗುತ್ತೆ, ಆದರೆ ಇವಳು ಧೈರ್ಯದವಳು’ ಎಂದು ತಮ್ಮ ಇಂಗ್ಲಿಷಿನಲ್ಲಿ ಹೇಳಿದರು. ಯಾವ ಕೊನೇ ದಿನ ಎಂದೆ. ಅವರು ಕಪ್ಪನ್ನು ಕೆಳಗಿಟ್ಟರು. ಹೋರಿಗಳನ್ನು ರಿಂಗಿನಲ್ಲಿ ನಡೆಸಿ ಒಂದು ಸಲ ಮಾರ್ಕು, ಶೋ ಮುಗಿದ ಮೇಲೆ ಲಾರಿ ಹತ್ತಿಸಿ ಕಸಾಯಿಖಾನೆಗೆ ಕಳಿಸಿ ಮಾಂಸ ನೋಡಿ ಇನ್ನೊಂದು ಸಲ ಮಾರ್ಕು. ಇದನ್ನು ಮೊದಲ ದಿನವೇ ಎಲ್ಲ ಅಪ್ಪ ಅಮ್ಮಂದಿರನ್ನೂ ಕೂರಿಸಿಕೊಂಡು ಬಿಡಿಸಿ ಹೇಳಿದ್ದಾರೆ. ‘ಗುರುದತ್ ಇದ್ದರಲ್ಲ? ಮನೆಯಲ್ಲಿ ಎಲ್ಲರಿಗೂ ಒಪ್ಪಿಗೆ ಅಂದರಲ್ಲ?’ ಎಂದು ಅವರು ಕೇಳಿದರು. ‘ಹಾಗಾದರೆ ನಾವು ಅದನ್ನು ಮನೆಯೊಳಗೆ ಕರೆದು ಪೂಜೆ ಮಾಡುವಾಗ ಯಾಕೆ ಸುಮ್ಮನಿದ್ದಿರಿ’ ಎಂದೆ. ಆ ಹೆಂಗಸಿನ ಕಣ್ಣಲ್ಲಿ ನೀರು ಬಂತು. ‘ಅದು ಪ್ರಾಣ ಕೊಡುವುದಕ್ಕೆ ನೀವು ಮುಂಚಿತವಾಗಿಯೇ ಧನ್ಯವಾದ ಹೇಳುತ್ತಿದ್ದೀರಿ ಎಂದುಕೊಂಡೆ, ನಾವು ಯಾರೂ ಹಾಗೆ ಹೇಳುವುದಿಲ್ಲ, ನನಗೆ ತುಂಬ ಚೆನ್ನಾಗಿ ಕಂಡಿತು’ ಎಂದರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ನನ್ನಿಂದ ಆಗಲಿಲ್ಲ. ಅದೆಲ್ಲವೂ ನಿಮಗೇ ಮೀಸಲಾಯಿತು, ಫೋನಿನಲ್ಲಿ ಕೇಳಿಸಿಕೊಂಡಿರಿ.

ಪ್ರಣತಿ ಟೆನಿಸ್ಸಿನಿಂದ ಬಂದಳು. ಶೂ ಬಿಚ್ಚಲೂ ಬಿಡದೆ ‘ನಿಂಗೆ ಗೊತ್ತಿತ್ತಾ’ ಎಂದೆ. ‘ಡೇ ಒನ್ನಿಂದ ಗೊತ್ತಿತ್ತು ಅಮ್ಮ. ಅಪ್ಪ ಸೆಡ್ ನಿಂಗೆ ಹೇಳ್ಬೇಡ ಅಂತ.’ ಇಷ್ಟೇ ಹೇಳಿ ರೂಮಿಗೆ ಹೋದಳು. ನಾನು ಸುಮ್ಮನೆ ಕೂರುವ ಪೈಕಿಯಲ್ಲ, ನಿಮಗೆ ಗೊತ್ತು. ಬನಶಂಕರಿಗೆ ಹೇಳಿದೆ, ಅವಳು ಗಂಡನ ಬೆನ್ನು ಹತ್ತಿದಳು. ಹೊಸ ಮನೆಗೆ ಮೊದಲು ಕಾಲಿಟ್ಟ ಜೀವ! ಎರಡು ದಿನದಲ್ಲಿ ಶಂಕರಪ್ಪನವರು ಜಾಗ ಹುಡುಕಿದರು. ಅವರ ಸಹೋದ್ಯೋಗಿಯ ಅಕ್ಕ ಗಿಂಗಿನ್ ಕಡೆ ಜಮೀನು ಇಟ್ಟುಕೊಂಡು ಮುದಿ ಕುದುರೆಗಳನ್ನೂ ಒಂದು ಕತ್ತೆಯನ್ನೂ ಸಾಕುತ್ತಿದ್ದಾರೆ, ಬಿಸ್ಕೆಟ್ಟನ್ನು ಇಟ್ಟುಕೊಳ್ಳುತ್ತೇವೆ ಎಂದರು. ಕಾಲೀನ್ ಅಡ್ಡಿ ಮಾಡಲಿಲ್ಲ. ಕ್ಲಬ್ಬಿನಲ್ಲಿ ಪ್ರಾಣಿ ಸಾಕಿದ ಮಗುವಿಗೇ ಸೇರಿದ್ದು, ಲಾರಿ ಹತ್ತಿಸದಿದ್ದರೆ ಬಹುಮಾನ ಇರುವುದಿಲ್ಲ ಅಷ್ಟೇ, ತೀರ್ಮಾನ ಪ್ರಣತಿಯದು, ನನ್ನದೂ ಅಲ್ಲ ನಿಮ್ಮದೂ ಅಲ್ಲ ಎಂದರು. ನಾನು ಗೆದ್ದೆ ಎಂದುಕೊಂಡು ಮನೆಗೆ ಓಡಿಬಂದು ಹೇಳಿದರೆ ನಿಮ್ಮ ಮಗಳು ನನ್ನ ಮೇಲೆ ಎಗರಿಬಿದ್ದಳು.

ನಾನು ಹೆತ್ತ ಹುಡುಗಿ ಅಷ್ಟು ಜೋರಾಗಿ ಮಾತನಾಡಿದ್ದನ್ನು ನಾನು ಕೇಳಿರಲಿಲ್ಲ. ‘ನೀವೆಲ್ಲ ಒಂದು ಮಾರ್ನಿಂಗ್ ಪೂಜೆ ಮಾಡಿದ್ರಿ. ದಿನಾ ಅವನ ಪೂ ಎತ್ತಿದ್ದು ನಾನು. ನಂಗೆ ಯಾರೂ ಕೇಳ್ಳಿಲ್ಲ’ ಎಂದಳು. ಮೊದಲ ದಿನ ಕಾಲೀನ್ ಪ್ರತಿ ಮಗುವನ್ನೂ ಒಂಟಿಯಾಗಿ ಕರೆದು, ಕೊನೇ ದಿನ ನೀನೇ ಹಗ್ಗ ಹಿಡಿದು ಲಾರಿ ಹತ್ತಿಸಬೇಕು, ಆಗದಿದ್ದರೆ ಈಗಲೇ ಕೋಳಿ ತೆಗೆದುಕೋ, ಅದರಲ್ಲಿ ಅವಮಾನವಿಲ್ಲ ಎಂದು ಕೇಳಿದ್ದರಂತೆ. ಇವಳು ಆಗುತ್ತದೆ ಎಂದು ಕೈ ಕೊಟ್ಟಿದ್ದಳಂತೆ. ‘ಜಾರ್ಜಿಯಾದು ಹೋಗತ್ತೆ, ಎಲ್ಲರದೂ ಹೋಗತ್ತೆ, ನಂದು ಮಾತ್ರ ಯಾಕೆ ಉಳೀಬೇಕು? ನಾವು ಕುಂಕುಮ ಹಚ್ಚಿದ್ವಿ ಅಂತಾನಾ?’ ನಾನು ಹಟ ಬಿಡಲಿಲ್ಲ. ಚಂದ್ರಮೌಳಿಯವರಿಂದ ಫೋನ್ ಮಾಡಿಸಿದೆ, ಬನಶಂಕರಿಯಿಂದ ಅಳಿಸಿದೆ. ಶೋ ಬರುವ ತನಕ ಪ್ರಣತಿ ನನ್ನೊಂದಿಗೆ ಮಾತು ಬಿಟ್ಟಳು. ಆಯುಧಪೂಜೆಯ ದಿನ ಎಲ್ಲಕ್ಕೂ ಕುಂಕುಮ ಇಟ್ಟು ಬಿಸ್ಕೆಟ್ಟಿನ ಬ್ರಷ್ಷಿಗೂ ಇಡಲು ಹೋದೆ. ಅದನ್ನು ಕಿತ್ತುಕೊಂಡು ಹೋದಳು.

ಮೊನ್ನೆ ಶನಿವಾರ ಶೋ. ಬಿಳಿ ಅಂಗಿ, ಜೀನ್ಸ್, ಕ್ಲಬ್ಬಿನ ಹಸಿರು ಟೈ, ತಲೆ ಬಿಗಿಯಾಗಿ ಹೆಣೆದುಕೊಂಡಿದ್ದಳು, ಜಡೆ ಹಾಕಿಕೊಡುತ್ತೇನೆಂದರೆ ಬೇಡವೆಂದು ತಾನೇ ಹಾಕಿಕೊಂಡಿದ್ದಳು. ಶಂಕರಪ್ಪ ಬನಶಂಕರಿ ಸೇರಿದಂತೆ ನಮ್ಮವರು ಒಂದು ಬೆಂಚು ತುಂಬ ಇದ್ದರು, ಪುಳಿಯೋಗರೆ ಡಬ್ಬಗಳ ಸಮೇತ. ಬಿಸ್ಕೆಟ್ ಎಷ್ಟು ಚೆನ್ನಾಗಿ ನಡೆಯಿತು! ನಿಲ್ಲು ಅಂದಲ್ಲಿ ನಾಲ್ಕೂ ಕಾಲು ಊರಿ ನಿಂತಿತು, ತಲೆ ಎತ್ತು ಅಂದಾಗ ಎತ್ತಿತು. ನಡೆಸುವುದರಲ್ಲಿ ಮೊದಲ ಬಹುಮಾನ ನಮ್ಮ ಪ್ರಣತಿಗೇ ಬಂತು ರೀ, ನೀಲಿ ರಿಬ್ಬನ್. ಆಮೇಲೆ ಪ್ರತಿ ಮಗುವೂ ಮೈಕಿನಲ್ಲಿ ತನ್ನ ಪ್ರಾಣಿಯ ಬಗ್ಗೆ ಎರಡು ಮಾತು ಹೇಳುವ ಪದ್ಧತಿ. ಅವಳು ಹೇಳಿದ್ದು ಇಂಗ್ಲಿಷಿನಲ್ಲಿ, ನಾನು ನಮ್ಮ ಭಾಷೆಯಲ್ಲಿ ಬರೆಯುತ್ತೇನೆ. ‘ಕೊನೇ ದಿನದ ತನಕ ಇರ್ತೀನಿ ಅಂತ ಮಾತು ಕೊಟ್ಟಿದ್ದೆ. ನನ್ನ ಕೈಲಿ ಆಗ್ತಿಲ್ಲ. ದೇವರು ಅಂತ ಅಲ್ಲ, ಮನೆಯವರು ಹೇಳಿದ್ರು ಅಂತಲೂ ಅಲ್ಲ. ನನ್ನ ಕೈಲಿ ಆಗ್ತಿಲ್ಲ ಅಷ್ಟೆ. ಉಳಿದವರ ಕೈಲಿ ಆಗತ್ತೆ, ಅವರು ನನಗಿಂತ ಗಟ್ಟಿ. ಸಾರಿ.’ ಅಷ್ಟು ಹೇಳಿ ರಿಬ್ಬನ್ ಬಿಚ್ಚಿ ಕಾಲೀನ್ ಕೈಯಲ್ಲಿಟ್ಟಳು. ಕಾಲೀನ್ ಅದನ್ನು ಮಡಚಿ ಜೇಬಿಗೆ ಹಾಕಿಕೊಂಡು, ‘ಆಯ್ತು ಕಣಮ್ಮ’ ಎನ್ನುವಂಥದೇನೋ ಅಂದು ಅವಳ ಬೆನ್ನು ಸವರಿದರು. ಆಚೆ ತುದಿಯಲ್ಲಿ ಜಾರ್ಜಿಯಾ ತನ್ನ ಕಪ್ಪು ಹೋರಿಯ ಕತ್ತಿನಲ್ಲಿ ಮುಖ ಮುಚ್ಚಿಕೊಂಡಳು.

ನಮ್ಮ ಬೆಂಚಿನಲ್ಲಿ ಹಬ್ಬ. ಬನಶಂಕರಿ ಓಡಿಹೋಗಿ ಅವಳನ್ನು ತಬ್ಬಿಕೊಂಡು ದೃಷ್ಟಿ ತೆಗೆದಳು. ಶಂಕರಪ್ಪನವರು ಸಂಘದ ವಾಟ್ಸಾಪ್ ಗುಂಪಿನಲ್ಲಿ ಫೋಟೋ ಹಾಕಿ ‘ಗೋವನ್ನು ಉಳಿಸಿದ ನಮ್ಮ ಹೆಮ್ಮೆಯ ಕನ್ನಡತಿ’ ಎಂದು ಬರೆದರು. ದೀಪಾವಳಿ ಕಾರ್ಯಕ್ರಮದಲ್ಲಿ ಶಾಲು ಹೊದಿಸಬೇಕಂತೆ. ಫೋನ್ ಕೆಳಗಿಡುವುದಕ್ಕಾಗದಷ್ಟು ಅಭಿನಂದನೆ. ನಾನೂ ಉಬ್ಬಿಹೋಗಿದ್ದೆ, ಸುಳ್ಳು ಹೇಳುವುದಿಲ್ಲ. ಕಾರಿನಲ್ಲಿ ಅವಳ ಮುಖ ನೋಡುವ ತನಕ. ಪರೀಕ್ಷೆಯಲ್ಲಿ ಫೇಲಾದ ಮಗುವಿಗೆ ಪಟಾಕಿ ಹೊಡೆದು ಸಂಭ್ರಮಿಸಿದರೆ ಹೇಗಿರುತ್ತದೋ ಹಾಗಿತ್ತು. ‘ನಾನು ಸೇವ್ ಮಾಡ್ಲಿಲ್ಲ ಅಮ್ಮ. ಐ ಕ್ವಿಟ್’ ಎಂದಳು. ಅಡ್ಮಿನ್ನಿಗೆ ಫೋನ್ ಮಾಡಿ ಆ ಫೋಟೋ ತೆಗೆಸಿದೆ. ಶಂಕರಪ್ಪನವರಿಗೆ ಬೇಜಾರಾಗಿದೆ, ಆಗಲಿ, ಒಂದು ಬಿಸಿಬೇಳೆಬಾತಿನಲ್ಲಿ ಸರಿಯಾಗುತ್ತದೆ.

ನಿನ್ನೆ ಬೆಳಿಗ್ಗೆ ಉಳಿದ ಹೋರಿಗಳಿಗೆ ಲಾರಿ. ನಮಗೆ ಅಲ್ಲೇನು ಕೆಲಸ, ಭಾನುವಾರವೇ ಬಿಸ್ಕೆಟ್ ಗಿಂಗಿನ್ನಿಗೆ ಹೋಗಿಯಾಗಿತ್ತು. ಪ್ರಣತಿ ಮಾತ್ರ ಬೆಳಗಾಗುವ ಮುಂಚೆ ಬೂಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಕರೆದುಕೊಂಡು ಹೋದೆ. ಶನಿವಾರದಿಂದ ಅವಳೊಂದಿಗೆ ಮಾತು ಬಿಟ್ಟಿದ್ದ ಜಾರ್ಜಿಯಾ ತನ್ನ ಸರದಿ ಬಂದಾಗ ಹಗ್ಗ ಹಿಡಿದು ಲಾರಿಯ ಹಲಗೆಯ ತನಕ ಹೋದಳು, ಅಲ್ಲೇ ನಿಂತುಬಿಟ್ಟಳು. ಕಾಲು ಮುಂದಕ್ಕೆ ಹೋಗಲಿಲ್ಲ. ನಮ್ಮ ಹುಡುಗಿ ಬೇಲಿ ದಾಟಿ ಹೋಗಿ ಹೋರಿಯ ಇನ್ನೊಂದು ಪಕ್ಕ ನಿಂತು ಹಗ್ಗಕ್ಕೆ ಕೈ ಕೊಟ್ಟಳು. ‘ಬಾ ಬಾ, ಏನಿಲ್ಲ ಪುಟ್ಟ, ಬಾ’ ಎನ್ನುತ್ತ ಇಬ್ಬರೂ ಸೇರಿ ಅದನ್ನು ಹತ್ತಿಸಿದರು. ತನ್ನದಕ್ಕೆ ಆಗದ್ದನ್ನು ಗೆಳತಿಯದಕ್ಕೆ ಮಾಡಿದಳು. ನಾನು ಬೇಲಿಯಾಚೆ ನಿಂತಿದ್ದೆ. ಅದು ಪಾಪವೋ ಪುಣ್ಯವೋ ಚಂದ್ರಮೌಳಿಯವರನ್ನು ಕೇಳುವುದಿಲ್ಲ. ನನಗೆ ಮಗಳ ಮೇಲೆ ಗೌರವ ಹುಟ್ಟಿತು. ಇಳಿದು ಬಂದ ಮೇಲೆ ಇಬ್ಬರೂ ನನ್ನ ಎರಡು ಭುಜಕ್ಕೆ ಬಿದ್ದು ಅತ್ತರು. ನನ್ನ ಸೀರೆಯಿಡೀ ಸಗಣಿ ಕಣ್ಣೀರು ಆಯಿತು.

ಈಗ ಹೇಳಿ, ನಾನು ಯಾಕೆ ನಿಮ್ಮ ಮೇಲೆ ಕೋಪ ಮಾಡಿಕೊಂಡಿದ್ದೇನೆ? ಹೋರಿಯ ವಿಷಯಕ್ಕೆ ಎಂದು ನೀವು ತಿಳಿದಿದ್ದೀರಿ. ಮೊದಲು ಅದಕ್ಕೇ ಇತ್ತು, ಈಗಲ್ಲ. ಆ ಮಗು ಫೆಬ್ರವರಿಯಿಂದ ಇಷ್ಟು ದೊಡ್ಡ ಭಾರವನ್ನು ಒಂಟಿಯಾಗಿ ಹೊತ್ತುಕೊಂಡಿತ್ತು. ಹಗ್ಗ ಹಿಡಿದು ಬನಶಂಕರಿಯ ಮನೆಯಲ್ಲಿ ನಿಂತಿದ್ದಾಗ, ಅಮ್ಮ ಆ ಗೊರಸಿಗೆ ತಲೆಯಿಡುವುದನ್ನು ನೋಡುತ್ತಿದ್ದಾಗ, ಅವಳಿಗೆ ಹೇಗಾಗಿರಬೇಡ? ನನಗೆ ಗೊತ್ತಿದ್ದಿದ್ದರೆ ಕ್ಲಬ್ಬು ಬಿಡಿಸುತ್ತಿದ್ದೆ ಎನ್ನುತ್ತೀರಿ. ಬಿಡಿಸುತ್ತಿದ್ದೆನೋ ಏನೋ. ಕೂಗಾಡುತ್ತಿದ್ದೆ, ಅದಂತೂ ಖಂಡಿತ. ಆದರೆ ಅವಳಿಗೆ ಅಳಲು ಒಂದು ಮಡಿಲಾದರೂ ಇರುತ್ತಿತ್ತು. ನೀವು ಇಲ್ಲಿರಲಿಲ್ಲ, ಇದ್ದವಳಿಗೆ ಹೇಳಬಾರದೆಂದು ಬೀಗ ಹಾಕಿ ಹೋಗಿದ್ದಿರಿ. ಇನ್ನು ಮುಂದೆ ಈ ಮನೆಯಲ್ಲಿ ನನ್ನಿಂದ ಮುಚ್ಚಿಟ್ಟು ನನ್ನನ್ನು ಕಾಪಾಡುವ ಕೆಲಸ ಬೇಡ, ನಾನು ಅಷ್ಟು ಮೆದು ಅಲ್ಲ. ಅವಳು ಮುಂದಿನ ವರ್ಷವೂ ಕ್ಲಬ್ಬಿಗೆ ಹೋಗುತ್ತಾಳೆ. ಏನು ತೆಗೆದುಕೊಳ್ಳುತ್ತಾಳೆ ಎಂದು ನಾನು ಕೇಳಿಲ್ಲ, ಅವಳೇ ಹೇಳಲಿ.

ಚಟ್ನಿಪುಡಿಗೆ ಈ ಸಲ ಖಾರ ಕಡಿಮೆ ಹಾಕಿದ್ದೇನೆ, ತುಪ್ಪದ ಜೊತೆ ತಿನ್ನಿ. ಕೋಡುಬಳೆಯಲ್ಲಿ ಭರತೇಶ್ ಅವರಿಗೂ ಕೊಡಿ, ಹೊತ್ತು ತಂದಿದ್ದಾರೆ. ಅಲ್ಲಿ ನ್ಯೂಸಿನಲ್ಲಿ ಬಿರುಗಾಳಿ ಮಳೆ ಎನ್ನುತ್ತಿದ್ದರು, ಛತ್ರಿ ಆಫೀಸಿನಲ್ಲೇ ಬಿಟ್ಟುಬರಬೇಡಿ. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ, ಜಗಳ ಪೂರ್ತಿ ಮಾಡಲು ನೀವು ಬೇಕು.

ಕೋಪ ಮುಕ್ಕಾಲು ಇಳಿದಿರುವ,
ನಿಮ್ಮ ವನಜಾ

ತಾ.ಕ. (ಬುಧವಾರ): ಭರತೇಶ್ ಕಾರು ಬಂದು ನಿಂತಿದೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಪ್ರಣತಿ ರಿಬ್ಬನ್ ವಿಷಯ ನಿಮಗೆ ಇನ್ನೂ ಹೇಳಿಲ್ಲ, ಹೇಳಬೇಡ ಎಂದು ನನಗೂ ಆಣೆ ಹಾಕಿದ್ದಾಳೆ. ಯಾಕೆಂದು ಇವತ್ತು ಬೆಳಿಗ್ಗೆ ತಿಂಡಿ ತಿನ್ನುವಾಗ ಬಾಯಿಬಿಟ್ಟಳು. ಕ್ಲಬ್ಬಿಗೆ ಸೇರಿದ ದಿನ ಕಾರಿನಲ್ಲಿ ನೀವು ‘ಅಮ್ಮನ ಕೈಲಿ ಇದೆಲ್ಲ ಆಗಲ್ಲ, ನೀನು ನನ್ನ ಥರ ಗಟ್ಟಿ’ ಎಂದಿದ್ದಿರಂತೆ. ಗಟ್ಟಿಯಲ್ಲದ ಮಗಳು ನಿಮಗೆ ಬೇಡವೇನೋ ಎಂದು ಹೆದರಿಕೊಂಡಿದ್ದಾಳೆ. ಕಾಗದ ಸಿಕ್ಕಿದ ಸಂಜೆಯೇ ಅವಳಿಗೆ ಫೋನ್ ಮಾಡಿ. ಭೇಷ್ ಅನ್ನಬೇಡಿ, ಪರವಾಗಿಲ್ಲ ಅನ್ನಬೇಡಿ, ಪ್ರಾಕ್ಟಿಕಲ್ ಅಂತೂ ಬಾಯಲ್ಲಿ ಬರಲೇಕೂಡದು. ‘ನನ್ನ ಕೈಲೂ ಆಗ್ತಿರ್ಲಿಲ್ಲ ಮಗಳೇ’ ಅನ್ನಿ. ನಾನು ನಿಮ್ಮಿಂದ ಸುಳ್ಳು ಹೇಳಿಸುತ್ತಿಲ್ಲ. ಲಾರಿ ಬಂದ ಸೋಮವಾರವೂ ಸೇರಿ ನಿಮಗೆ ಅಲ್ಲಿ ಮೂರು ದಿನ ರಜೆ ಇತ್ತು, ಫ್ಲೈಟೂ ಇತ್ತು, ಮಗಳು ಶೋಗೆ ಬಾ ಎಂದು ಕರೆದಿದ್ದಳು. ಕೆಲಸವಿದೆ ಎಂದಿರಿ. ಯಾಕೆ ಬರಲಿಲ್ಲ ಎಂದು ನನಗೆ ಗೊತ್ತು ರೀ. ಅವಳಿಗೂ ಗೊತ್ತಾಗಲಿ.